ಮನೆ ಕಡೆಯ ಚಕ್ರ

"ಇದು ಕೆಂಪು, ಅದು ಬೆಳ್ಳಗೆ. ನಿಮ್ಮ ಕಣ್ಣಿಗೂ ಹಾಗೇ ಕಾಣ್ತದಾ ಮಾದೇವಣ್ಣ, ಅಥವಾ ನನಗೊಬ್ಬಳಿಗೇನಾ?"

ಸಬ್ ಇನ್ಸ್‌ಪೆಕ್ಟರ್ ದಮಯಂತಿ ನಾಯಕ ಅಂಕೋಲಾ ಠಾಣೆಯ ಹಿತ್ತಲಲ್ಲಿ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಎದುರಿಗೆ ಪವನ್‌ನ ಕಾರು, ಅಂದರೆ ಅದರಲ್ಲಿ ಉಳಿದಿದ್ದಷ್ಟು. ಹೆಡ್ ಕಾನ್ಸ್‌ಟೇಬಲ್ ಮಾದೇವ ಅವಳ ತಲೆಯ ಮೇಲೆ ಬಿಸಿಲಿಗೆ ಅಡ್ಡವಾಗಿ ಕೊಡೆ ಹಿಡಿದು ನಿಂತಿದ್ದ. ತನ್ನ ಬೋಳುತಲೆಯೂ ಕಾಯುತ್ತಿದೆಯೆಂಬುದು ಅವನಿಗೆ ನೆನಪಿದ್ದಂತಿರಲಿಲ್ಲ.

"ಹೌದ್ರಾ ಮೇಡಮ್. ಎಡ ಚಕ್ರದ ಡಿಸ್ಕು ನಮ್ಮನೆ ಬಾವಿ ಗಡಗಡೆ ಹಾಂಗೆ ತುಕ್ಕು ಹಿಡದದೆ. ಬಲದ್ದು ನಿನ್ನೆ ಅಂಗಡಿಂದ ತಂದ ಹಾಂಗದೆ."

"ಒಂದೇ ಕಾರು, ಒಂದೇ ಅಂಗಳ, ಒಂದೇ ಉಪ್ಪುಗಾಳಿ."

"ಅದೇ ನಂಗೂ ತಿಳೂದಿಲ್ಲ."

ಅದು ಎರಡೇ ಸೀಟಿನ, ಮಾಡು ತೆಗೆದಿಡಬಹುದಾದ ಕೆಂಪು ಕಾರು. ಕಾರವಾರದ ಕೋಡಿಬಾಗದ ಪವನ್ ಅದನ್ನು ಗೋವಾದಿಂದ ಸೆಕೆಂಡ್ ಹ್ಯಾಂಡಿನಲ್ಲಿ ತಂದಿದ್ದ. ನೋಡಲು ರೇಸಿನ ಕಾರಿನಂತಿದ್ದರೂ ಓಡುವುದು ಸಾದಾ ಕಾರಿನಂತೆಯೇ ಎಂಬುದು ಅವನ ಕೊರಗು. ಆಮೇಲೆ ಗೋವಾದ ರೇಸಿಗೆಂದು ಒಂದೊಂದೇ ಭಾಗ ಬದಲಾಗುತ್ತ ಹೋಯಿತು. ಎಂಜಿನ್ನಿನ ಉಸಿರು ಸಲೀಸಾಗಲೆಂದು ಬೇರೆ ಏರ್ ಫಿಲ್ಟರ್, ಗುಡುಗುವ ದಪ್ಪ ಸೈಲೆನ್ಸರ್, ಗಾಡಿಯನ್ನು ನೆಲಕ್ಕೆ ತಗ್ಗಿಸುವ ಗಿಡ್ಡ ಸ್ಪ್ರಿಂಗು, ಅಗಲ ಟೈರು, ಐದೇ ಕಡ್ಡಿಗಳ ಅಲಾಯ್ ಚಕ್ರ. ಕೊನೆಯಲ್ಲಿ ಬ್ರೇಕು. ಮುಂದಿನ ಚಕ್ರಗಳ ಒಳಗೆ ತಿರುಗುವ, ಗೀರು ಕೊರೆದ ಹೊಸ ಕಬ್ಬಿಣದ ಡಿಸ್ಕುಗಳು. ಬ್ರೇಕು ತುಳಿದಾಗ ಅವನ್ನು ಎರಡೂ ಬದಿಯಿಂದ ಕಚ್ಚಿ ಹಿಡಿಯುವ ಹೊರದೇಶದ ಪ್ಯಾಡುಗಳು.

ಆ ಬ್ರೇಕು ಕೂಡಿಸಿ ಇನ್ನೂ ಹೊಸತು ಮಾಸಿರಲಿಲ್ಲ. ಅವರ್ಸಾದ ತಿರುವಿನಲ್ಲಿ ಮೀನುಬುಟ್ಟಿ ಹೊತ್ತ ಹೆಂಗಸೊಬ್ಬಳು ಅಡ್ಡ ಬಂದಳೆಂದು ಪವನ್ ಬ್ರೇಕು ತುಳಿದ. ಕಾರು ಎಡಕ್ಕೆ ಹಾರಿ ಮೋರಿಯ ಕಲ್ಲುಕಟ್ಟೆಗೆ ಬಡಿಯಿತು. ಹೆಂಗಸು ಉಳಿದಳು, ಪವನ್ ಉಳಿಯಲಿಲ್ಲ. ಬ್ರೇಕು ಕೂಡಿಸಿದ ಮೆಕ್ಯಾನಿಕ್ ಭರತ ಈಗ ಠಾಣೆಯ ಲಾಕಪ್ಪಿನಲ್ಲಿದ್ದ. ಕೋರ್ಟು ಕೊಟ್ಟ ಪೊಲೀಸ್ ಕಸ್ಟಡಿ ಮುಗಿದು ನಾಳೆ ಅವನನ್ನು ಮತ್ತೆ ಕೋರ್ಟಿಗೆ ಹಾಜರುಪಡಿಸಬೇಕು. ಹೊಸದೇನೂ ಸಿಗದಿದ್ದರೆ ಅಲ್ಲಿಂದ ಕಾರವಾರದ ಜೈಲು.

ದಮಯಂತಿ ಕರವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿ ಚಕ್ರದ ಕಡ್ಡಿಗಳ ನಡುವೆ ತೂರಿಸಿದಳು. ಬಲಗಡೆಯ ಡಿಸ್ಕನ್ನು ಒರೆಸಿ ಬೆರಳು ಹೊರಗೆ ತೆಗೆದಳು. ಬಟ್ಟೆಗೆ ಕಂದು ಜಿಡ್ಡು ಅಂಟಿತ್ತು. ಮೂಸಿದಳು. ಸುಟ್ಟ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ತೀರಾ ಪರಿಚಯದ್ದು. ಆದರೆ ಇಲ್ಲಿ ಇರಬಾರದಾಗಿದ್ದದ್ದು.

ಕರವಸ್ತ್ರವನ್ನು ಮಾದೇವನ ಮೂಗಿಗೆ ಹಿಡಿದಳು.

"ಗ್ಯಾರೇಜಿನ ಎಣ್ಣೆ ಅಲ್ಲ ಇದು," ಎಂದ ಮಾದೇವ. ಮತ್ತೊಮ್ಮೆ ಎಳೆದುಕೊಂಡ. "ತೆಂಗಿನೆಣ್ಣೆ, ಮೇಡಮ್. ಮೀನು ಹುರಿಯೂಕೆ ಇಟ್ಟು ನಮ್ಮ ಮನೆಯಾಕೆ ಬೇಲಿ ಹತ್ರ ಮಾತಾಡೂಕೆ ನಿಂತ್ರೆ ಹೀಂಗೇ ಬತ್ತದೆ ವಾಸನೆ. ವಾರಕ್ಕೆರಡು ಸಲ ಕುಡಿತೆ ಈ ಹೊಗೆ ನಾನು."

ದಮಯಂತಿಗೆ ನಗು ಬರಲಿಲ್ಲ. "ರಸ್ತೆ ಮೇಲೆ ಟೈರಿನ ಕಪ್ಪುಗೆರೆ ಒಂದೇ ಇತ್ತು. ನೆನಪಿದೆಯಾ?"

"ಎಡ ಚಕ್ರದ್ದು. ಬಲದ್ದು ಮೀನಿನ ಲಾರಿ ನೀರು ಸುರಿದು ಅಳಿಸಿ ಹೋಗ್ಯದೆ ಅಂತ ನಾವೇ ಬರ್ಕಂಡ್ವಲ್ಲ."

"ಅಳಿಸಿ ಹೋಗಿರಲಿಲ್ಲ. ಮೂಡಿಯೇ ಇರಲಿಲ್ಲ."

ಅಪಘಾತದ ದಿನವೇ ಗಾಡಿ ತಪಾಸಣೆಗೆ ಬಂದ ಅಧಿಕಾರಿ ನೋಡಿದಾಗ ಎರಡೂ ಡಿಸ್ಕುಗಳು ಬೆಳ್ಳಗೇ ಇದ್ದವು. ಕಂಪನಿಯದಲ್ಲದ ಭಾಗಗಳು, ಕೂಡಿಸಿದ್ದರಲ್ಲಿ ದೋಷ ಎಂದು ಬರೆದುಕೊಟ್ಟು ಅವರು ಹೋದರು. ಅವರದೂ ತಪ್ಪೆನ್ನುವಂತಿರಲಿಲ್ಲ. ವ್ಯತ್ಯಾಸ ತೋರಿಸಿಕೊಡಲು ಇಷ್ಟು ದಿನಗಳ ಗಾಳಿಯೇ ಬೇಕಾಯಿತು.

ಎದ್ದು ಒಳಗೆ ಹೊರಟಾಗ ಮಾವಿನ ಮರದ ಕೆಳಗಿನ ಬೆಂಚಿನಿಂದ ದೀಪಾಲಿ ಎದ್ದು ನಿಂತಳು. ಭರತನ ಹೆಂಡತಿ. ದಿನವೂ ಬುತ್ತಿ ಹಿಡಿದು ಬರುತ್ತಾಳೆ, ಸಂಜೆ ಖಾಲಿ ಡಬ್ಬಿ ಹಿಡಿದು ಹೋಗುತ್ತಾಳೆ. ಆ ಬೆಂಚು ಮೊದಲು ಬಿಸಿಲಿನಲ್ಲಿತ್ತು. ಅದನ್ನು ಮರದಡಿಗೆ ಎಳೆದು ಹಾಕಿದವರು ಯಾರೆಂದು ದಮಯಂತಿ ಕೇಳಿರಲಿಲ್ಲ. ಮಾದೇವನೂ ಹೇಳಿರಲಿಲ್ಲ.

"ನಾಳೆ ಅವ್ರನ್ನ ಬಿಡ್ತಾರಾ, ಮೇಡಮ್?"

"ನೋಡ್ತಾ ಇದ್ದೇನೆ ದೀಪಾಲಿ."

"ಹಂಗೇ ಹೇಳ್ತ್ರಿ ನೀವು ದಿನಾ," ಎಂದು ಅವಳು ಸಿಟ್ಟಿಲ್ಲದೆ ಹೇಳಿ ಮತ್ತೆ ಕುಳಿತಳು.

*

"ಡಿಸ್ಕಿಗೆ ಎಣ್ಣೆಯಾ?"

ಭರತ ಸರಳುಗಳ ಹತ್ತಿರ ಬಂದ. ಮೂವತ್ತರ ಆಸುಪಾಸಿನ, ತೆಳ್ಳಗಿನ ಆಳು. ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿರಲಿಲ್ಲ.

"ಯಾವ ಹುಚ್ಚ ಹಚ್ತಾನ್ರಾ ಅದ್ಕೆ ಎಣ್ಣೆ? ಕೂಡ್ಸೂಕೆ ಮುಂಚೆ ಕೈ ಜಿಡ್ಡೂ ಇರೂಕಾಗದು ಅಂತ ಪೆಟ್ರೋಲ್ ಹಾಕಿ ಒರಸ್ತೇವು ನಾವು."

"ಹಚ್ಚಿದರೆ ಏನಾಗ್ತದೆ?"

"ಹಚ್ಚಿದ್ ಬದಿ ಹಿಡಿಯೂದಿಲ್ಲ. ಮೆಲ್ಲಗೆ ಹೋಗೂವಾಗ ಅಷ್ಟು ಗೊತ್ತಾಗೂದಿಲ್ಲ. ಒಮ್ಮೆಲೆ ಜೋರಾಗಿ ತುಳಿದ್ರೆ ಒಣಗಿದ್ ಬದಿ ಮಾತ್ರ ಕಚ್ಚತದೆ. ಗಾಡಿ ಆ ಬದಿಗೇ ಎಳೀತದೆ." ಮಾತಿನ ನಡುವೆಯೇ ಅವನಿಗೆ ಹೊಳೆಯಿತು. "ಎಡಕ್ಕೆ ಹೋಯ್ತಲ್ರಾ ಅದು."

"ಎಡಕ್ಕೆ. ಎಣ್ಣೆ ಬಲಕ್ಕಿದೆ."

ಅವನು ಸರಳನ್ನು ಹಿಡಿದುಕೊಂಡ.

"ಕೋಡಿಬಾಗದಿಂದ ಅವರ್ಸಾದವರೆಗೂ ಓಡಿಸಿಕೊಂಡು ಬಂದಿದ್ದಾನೆ. ದಾರಿಯಲ್ಲಿ ಪವನ್‌ಗೆ ಅನುಮಾನ ಬರಲಿಲ್ಲವಾ?"

"ನಾನೇ ಹೇಳಿದ್ದೆ ಮೇಡಮ್," ಎಂದ ಭರತ. ಧ್ವನಿ ಕುಗ್ಗಿತ್ತು. "ಹೊಸ ಪ್ಯಾಡು, ಮೈ ಹೊಂದೂವರೆಗೆ ಮೆತ್ತಗಿರ್ತದೆ, ಹೆದ್ರೂದು ಬ್ಯಾಡ ಅಂತ. ಅದ್ಕೇ ಹೆದ್ರಲಿಲ್ಲ ಅಂವ."

"ಈ ಗಾಡಿ ನಿನ್ನ ತಿಂತದೆ ಅಂತ ನೀನು ಗ್ಯಾರೇಜಿನಲ್ಲಿ ಕೂಗಿದ್ದನ್ನು ಎಲ್ಲರೂ ಹೇಳ್ತಾರೆ."

"ಕೂಗ್ದೆ. ಎಂಜಿನ್ ಜೋರು ಮಾಡು, ಬ್ರೇಕ್ ಹಳೇದೇ ಇರ್ಲಿ ಅಂದ. ಬ್ರೇಕ್ ಸರಿ ಮಾಡ್ಸದೆ ನಾ ಎಂಜಿನ್ನಿಗೆ ಕೈ ಹಾಕೂದಿಲ್ಲ, ಈ ಗಾಡಿ ನಿನ್ನ ತಿಂತದೆ ಅಂದೆ. ಹಿಂದಿಂದು ಯಾರೂ ಕೇಳ್ಕಳಲಿಲ್ಲ, ಮುಂದಿಂದು ಊರೆಲ್ಲಾ ಕೇಳ್ಕಂಡ್ತು."

ಅವನು ಹಟ ಹಿಡಿದು ಹಾಕಿಸಿದ ಬ್ರೇಕೇ ಅವನನ್ನು ಒಳಗೆ ಕೂರಿಸಿತ್ತು. ದಮಯಂತಿ ಕರವಸ್ತ್ರವನ್ನು ಸರಳುಗಳ ನಡುವಿನಿಂದ ಅವನಿಗೆ ತೋರಿಸಿದಳು. ಆಮೇಲೆ ಹೇಳಿದಳು, "ತೆಂಗಿನೆಣ್ಣೆ ಅದು, ಭರತ."

ಭರತನ ಕೈ ಸರಳಿನಿಂದ ಜಾರಿತು. ಹಿಂದಕ್ಕೆ ಹೋಗಿ ಗೋಡೆಗೆ ಒರಗಿ ಕುಳಿತ.

"ಯಾರು ಹಚ್ಚಿರಬಹುದು?"

"ನಂಗೆ ಗೊತ್ತಿಲ್ಲ."

"ಹಿಂದಿನ ದಿನ ಗಾಡಿ ಎಲ್ಲಿತ್ತು?"

"ಅವ್ರ ಮನೇಲಿ."

"ಮನೆಯಲ್ಲಿ ಪವನ್ ಬಿಟ್ಟರೆ ಯಾರು?"

ಭರತ ಉಗುರಿನ ಗ್ರೀಸು ಕೆರೆಯತೊಡಗಿದ. ಉತ್ತರ ಇಬ್ಬರಿಗೂ ಗೊತ್ತಿತ್ತು. ಆ ಮನೆಯಲ್ಲಿದ್ದವರು ಪವನ್‌ನ ತಾಯಿ ಭಾಗೀರಥಿ ಒಬ್ಬರೇ. ನಿವೃತ್ತ ಶಿಕ್ಷಕಿ. ಕಲಿತ ಮಕ್ಕಳಿಗೂ ಅವರ ತಾಯಂದಿರಿಗೂ ಅವರು ಇಂದಿಗೂ ಅಕ್ಕೋರು.

"ಅವರ್ಸಾ ಶಾಲೇಲಿ ನಂಗೆ ನಾಲ್ಕನೇ ಇಯತ್ತೆ ಕಲ್ಸಿದ್ರು," ಎಂದ ಭರತ ಕೊನೆಗೆ. "ಗಾಡಿ ಬಿಡೂಕೆ ಕೋಡಿಬಾಗಕ್ಕೆ ಹೋದಾಗೆಲ್ಲ ನಂಗೆ ಅಂತ ಬಿಸ್ನೀರು ಕಾಯ್ಸಿ ಇಟ್ಟಿರ್ತಿದ್ರು. ಜೊತೀಗೆ ಶೀಗೆಪುಡಿ. ತಣ್ಣೀರಲ್ಲಿ ಗ್ರೀಸ್ ಹೋಗೂದಿಲ್ಲ ತಮ್ಮಾ ಅಂತ. ನನ್ನ ಕೈ ಬಗ್ಗೆ ಬೇರೆ ಯಾರೂ ಅಷ್ಟು ತಲೆ ಕೆಡ್ಸ್ಕಂಡಿಲ್ಲ ಮೇಡಮ್. ನೀವು ಅಲ್ಲಿ ಹೋಗೂದು ಬ್ಯಾಡ."

"ನಾಳೆ ನೀನು ಜೈಲಿಗೆ ಹೋಗ್ತೀಯ. ದೀಪಾಲಿ ಹೊರಗೆ ಕೂತಿದ್ದಾಳೆ."

"ಅಕ್ಕೋರಿಗೆ ಅವನೊಬ್ಬನೇ ಇದ್ದ. ಅಂವ ಹೋದ. ಅದ್ರ ಮ್ಯಾಲೆ ಇದನ್ನೂ ಹೇಳ್ತ್ರಾ ಅವ್ರಿಗೆ?"

ದಮಯಂತಿ ಕರವಸ್ತ್ರ ಮಡಚಿ ಜೇಬಿಗೆ ಹಾಕಿ ಹೊರಟಳು. ಬಾಗಿಲವರೆಗೆ ಹೋದವಳನ್ನು ಅವನು ಹಿಂದಿನಿಂದ ಕರೆದ.

"ಹೊರಗೆ ಕೂತವ್ಳು ಚಾ ಕುಡದ್ಳಾ, ಕೇಳಿ ಒಂಚೂರು."

*

ಜೀಪು ಕಾರವಾರದ ಕಡೆ ಹೊರಟಿತು. ಅವರ್ಸಾದ ಮೋರಿಯ ಹತ್ತಿರ ಯಾರೋ ಒಂದು ಹಿಡಿ ದಾಸವಾಳ ಇಟ್ಟುಹೋಗಿದ್ದರು. ಬದುಕುಳಿದ ಆ ಮೀನಿನ ಹೆಂಗಸೇ ಇರಬೇಕು.

ಪತ್ತೆಯಾಗಲಿ ಎಂದು ಹರಸಿಕೊಂಡ ಕೇಸುಗಳು ದಮಯಂತಿಯ ನೌಕರಿಯಲ್ಲಿ ಬೇಕಾದಷ್ಟಿದ್ದವು. ತಾನು ಕಂಡುಹಿಡಿದದ್ದು ಸುಳ್ಳಾಗಲಿ ಎಂದು ಬೇಡಿಕೊಂಡದ್ದು ಇದೇ ಮೊದಲು. ಬೇರೆ ಯಾರಾದರೂ ಹಚ್ಚಿರಲಿ. ಕಳ್ಳನೇ ಬಂದು ಹಚ್ಚಿರಲಿ. ಬಿಣಗಾ ಘಟ್ಟ ಇಳಿಯುವಾಗ ಅವಳಿಗೆ ತನ್ನ ಯೋಚನೆಯ ಬಗ್ಗೆಯೇ ನಾಚಿಕೆಯಾಯಿತು. ಹೇಳಿದರೆ ಒಬ್ಬ ತಾಯಿ ಮುಗಿದಳು. ಹೇಳದಿದ್ದರೆ ಭರತ. ಮಧ್ಯದಲ್ಲಿ ಜಾಗವೇ ಇರಲಿಲ್ಲ.

ಕೋಡಿಬಾಗದ ಮನೆಯ ಬಾಗಿಲು ತೆಗೆದವನು ಸಾತ್ವಿಕ. ಭಾಗೀರಥಿಯ ಅಣ್ಣನ ಮಗ. ಮಡಗಾಂವಿನ ಕಂಪನಿಯೊಂದರಲ್ಲಿ ಎಂಜಿನಿಯರ್. ಪವನ್ ಸತ್ತಂದಿನಿಂದ ರಜೆ ಹಾಕಿ ಅತ್ತೆಯ ಜೊತೆಗೇ ಉಳಿ‌ದಿದ್ದ. ಭರತನ ಮೇಲಿನ ದೂರನ್ನು ಬರೆದವನೂ ಅವನೇ. ಅತ್ತೆ ಸಹಿ ಮಾಡಿದ್ದರು.

"ಬನ್ನಿ ಮೇಡಮ್. ಡ್ರೈವರ್ ಅಣ್ಣನಿಗೂ ಒಳಗೆ ಬರೋದಕ್ಕೆ ಹೇಳಿ, ಎಂಥಾ ಬಿಸಿಲು."

ಮೊದಲ ದಿನದಿಂದಲೂ ದಮಯಂತಿಗೆ ಈ ಹುಡುಗನ ಬಗ್ಗೆ ಮೆಚ್ಚುಗೆಯಿತ್ತು. ಪಂಚನಾಮೆಯ ಗಡಿಬಿಡಿಯಲ್ಲೂ ಕಾನ್ಸ್‌ಟೇಬಲ್‌ಗಳಿಗೆ ನೀರು ಕೊಡಲು ಮರೆಯದವನು. ಅತ್ತೆಯ ಮಾತ್ರೆ, ಊಟ, ಬಂದವರು ಹೋದವರು ಎಲ್ಲ ಅವನೇ ನೋಡಿಕೊಳ್ಳುತ್ತಿದ್ದ. ಕಷ್ಟದ ಮನೆಯಲ್ಲಿ ಹೀಗೊಬ್ಬನಿರಬೇಕು ಎಂದು ಅವಳು ಮಾದೇವನ ಹತ್ತಿರ ಹೇಳಿಯೂ ಇದ್ದಳು.

ಒಳಗೆ ಹೋಗುವ ಮೊದಲು ಕಾರು ನಿಲ್ಲಿಸುತ್ತಿದ್ದ ಜಾಗ ನೋಡಿದಳು. ಮನೆಗೂ ಕಂಪೌಂಡಿಗೂ ನಡುವಿನ ಇಕ್ಕಟ್ಟಿನ ಓಣಿ. ಎಡಬದಿಯ ಕಂಪೌಂಡ್ ಗೋಡೆಗೆ ಕೆಂಪು ಬಣ್ಣ ಒರೆಸಿಕೊಂಡಿತ್ತು.

"ಇಷ್ಟು ಒತ್ತಿ ನಿಲ್ಲಿಸ್ತಿದ್ದನಾ?"

"ಅವಂಗೆ ನಂದೇ ಚಿಂತೆ," ಎಂದು ಜಗುಲಿಯಿಂದ ಉತ್ತರ ಬಂತು. ಭಾಗೀರಥಿ ಆರಾಮಕುರ್ಚಿಯಲ್ಲಿ ಕುಳಿತಿದ್ದರು. ಬೆನ್ನ ಹಿಂದೆ ದಿಂಬು. "ಬಾವಿಗೆ ಹೋಗೂಕೆ ನಂಗೆ ದಾರಿ ಬೇಕಲ್ಲ ತಂಗೀ. ಕೊಡ ಹಿಡ್ಕಂಡು ಅಡ್ಡಡ್ಡ ನಡಿಬಾರ್ದು ಆಯಿ ಅಂತ ಹೇಳಿ ಗೋಡೆಗೆ ತಾಗ್ಸೇ ನಿಲ್ಲಿಸ್ತಿದ್ದ. ಬಣ್ಣ ಹೋದ್ರೂ ಅಡ್ಡಿಲ್ಲ ಅಂತಿದ್ದ. ಅಷ್ಟು ಪ್ರೀತಿ ಗಾಡಿ ಅದು. ಬಾ, ಕೂತ್ಕೋ."

ಹಾಗಾದರೆ ಮನೆ ಕಡೆಗಿದ್ದದ್ದು ಬಲಗಡೆಯ ಚಕ್ರ.

ಸಾತ್ವಿಕ ಅತ್ತೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು ಕಿತ್ತಳೆ ಸುಲಿಯತೊಡಗಿದ. ಒಂದೊಂದು ತೊಳೆಯ ನಾರನ್ನೂ ತೆಗೆದು ತಟ್ಟೆಯಲ್ಲಿಡುತ್ತಿದ್ದ.

ದಮಯಂತಿ ಏನನ್ನು ಹೇಗೆ ಕೇಳಬೇಕೆಂದು ಜೀಪಿನಲ್ಲಿ ಕೂಡಿಸಿಕೊಂಡದ್ದೆಲ್ಲ ಈ ಮುಖದೆದುರು ನಿಲ್ಲಲಿಲ್ಲ.

"ಅಕ್ಕೋರೆ, ಪವನ್‌ನ ಗಾಡಿ ಚಕ್ರ ಬಹಳ ಚೆಂದ ಹೊಳೀತದೆ. ನೀವೇನಾದ್ರೂ ಒರೆಸ್ತಿದ್ರಾ?"

ಇಷ್ಟು ದಿನಗಳಲ್ಲಿ ಮೊದಲ ಸಲ ಭಾಗೀರಥಿಯ ಮುಖ ಸ್ವಲ್ಪ ಅರಳಿತು. ಮಗನ ಸಾವಿನ ಬಗ್ಗೆ ಕೇಳಿದವರು ಊರೆಲ್ಲ. ಮಗನ ಗಾಡಿ ಚೆಂದ ಎಂದವರು ಯಾರೂ ಇರಲಿಲ್ಲ.

"ನಿನ್ನ ಕಣ್ಣಿಗೆ ಬಿತ್ತಾ? ಹೊಸ ಚಕ್ರ ಹಾಕಿದ ಮೇಲೆ ಒಳಗಿನ ಕಬ್ಬಿಣದ ತಟ್ಟೆ ಕಾಣ್ತಿತ್ತು ತಂಗೀ. ಮೊದ್ಲು ಮುಚ್ಚಳ ಇತ್ತು, ಕಾಣ್ತಿರಲಿಲ್ಲ. ಎಷ್ಟು ಆಸೆಪಟ್ಟು ತರಿಸಿದ್ದ! ನೋಡ್ತೆ, ಬೆಳಗಾಗೂದ್ರೊಳಗೆ ಕೆಂಪು ತುಕ್ಕು. ಈ ಹೊಳೆ ಬದಿಗೆ ಕಬ್ಬಿಣ ಇಟ್ರೆ ಮತ್ತೆಂತ ಆಗ್ತದೆ? ನೋಡಿ ಸುಮ್ನಿರೂಕಾಗಲಿಲ್ಲ."

"ಆಮೇಲೆ?"

"ಆಮೇಲೆ ಎಂತ, ತರಕಾರಿ ಹೆಚ್ಚಿ ಮೆಟ್ಟುಗತ್ತಿ ತೊಳೆದಿಟ್ಟ ಮೇಲೆ ಒಂದು ಕೈ ಎಣ್ಣೆ ಸವರಿಡ್ತೇವಲ್ಲ, ಹಾಂಗೇ. ಹತ್ತಿ ಸುತ್ತಿದ ಕಡ್ಡಿ ತಗಂಡು ಚೆನ್ನಾಗಿ ಸವರಿದೆ. ಕೂತು ಏಳೂಕೆ ಮಂಡಿನೋವು, ಆದ್ರೂ ಬಿಡಲಿಲ್ಲ." ಅವರ ಮುಖ ಮತ್ತೆ ಬಾಡಿತು. "ಗೋಡೆ ಕಡೆಯದಕ್ಕೆ ಕೈ ಹೋಗಲಿಲ್ಲ. ಬೆಳಿಗ್ಗೆ ಗಾಡಿ ಹೊರಗೆ ತೆಗೆದಾಗ ಹಚ್ಚಿದ್ರಾಯ್ತು ಅಂತಿದ್ದೆ. ಅಷ್ಟರಲ್ಲಿ ಹೋಗಿಬಿಟ್ಟ. ಒಂದಕ್ಕೆ ಹಚ್ಚಿ ಒಂದಕ್ಕೆ ಬಿಟ್ಟೆನಲ್ಲ ಅಂತ ಈಗ್ಲೂ ಮನಸ್ಸು ಚುಚ್ಚತದೆ ನೋಡು."

ದಮಯಂತಿ ತನ್ನ ಕೈಗಳನ್ನು ನೋಡಿಕೊಂಡಳು. ಬರೆದುಕೊಳ್ಳಬೇಕಿತ್ತು. ಪೆನ್ನು ಜೇಬಿನಿಂದ ಹೊರಗೆ ಬರಲಿಲ್ಲ.

ಕೇಳಬೇಕೆಂದು ಕೇಳಿದ್ದಲ್ಲ; ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದಳು. "ನಿಮಗೇ ತೋಚಿದ್ದಾ ಅದು?"

"ಅಯ್ಯ, ನಂಗೆ ಗಾಡಿ ಸಂಗತಿ ಎಂತ ಗೊತ್ತು? ಕೇಳದೇ ಮುಟ್ಟೂಕೆ ಹೆದರಿಕೆ. ಪವನ್‌ನ ಕೇಳಿದ್ರೆ ನೀ ಸುಮ್ನಿರೆ ಆಯಿ ಅಂತಾನೆ. ಅದಕ್ಕೆ ನಮ್ಮ ಸಾತ್ವಿಕಂಗೆ ಫೋನ್ ಮಾಡಿ ಕೇಳಿದೆ. ಇವ ಓದಿದವ ಅಲ್ಲನಾ. ಹಚ್ಚು ಅತ್ತೆ, ಧಾರಾಳ ಹಚ್ಚು, ಅವಂಗೆ ಮಾತ್ರ ಹೇಳಡ, ಬೆಳಿಗ್ಗೆ ನೋಡಿ ಖುಷಿ ಆಗ್ಲಿ ಅಂದ."

ಸಾತ್ವಿಕನ ಕೈ ನಿಲ್ಲಲಿಲ್ಲ. ಇನ್ನೊಂದು ತೊಳೆಯ ನಾರು ತೆಗೆದು ತಟ್ಟೆಯಲ್ಲಿಟ್ಟು, ತಟ್ಟೆಯನ್ನು ಅತ್ತೆಯ ತೊಡೆಯ ಮೇಲಿಟ್ಟ.

"ಮಾತಾಡ್ತಾ ಕೂತೆ, ನಿಂಗೆ ಕುಡಿಯೂಕೆ ಆಸ್ರಿಗೆ ಕೊಡಲೇ ಇಲ್ಲ," ಎಂದು ಭಾಗೀರಥಿ ಎದ್ದರು. ಸಾತ್ವಿಕ ತಾನು ಹೋಗುತ್ತೇನೆಂದರೂ ಕೇಳಲಿಲ್ಲ. "ಮುರುಗಲ ಪಾನಕಕ್ಕೆ ಬೆಲ್ಲದ ಹದ ನಿಂಗೆ ತಿಳಿತಿಲ್ಲೆ ತಮಾ. ಕೂತ್ಕ." ಕುರ್ಚಿಯ ಕೈ, ಕಂಬ, ಬಾಗಿಲು ಹಿಡಿಯುತ್ತ ಮೆಲ್ಲಗೆ ಒಳಗೆ ಹೋದರು.

*

"ನೀವು ಎಂಜಿನಿಯರ್," ಎಂದಳು ದಮಯಂತಿ.

"ಹೌದು."

"ಡಿಸ್ಕಿಗೆ ಎಣ್ಣೆ ಹಚ್ಚಿದರೆ ಏನಾಗ್ತದೆ ಅಂತ ನಿಮಗೆ ಗೊತ್ತು."

ಸಾತ್ವಿಕ ಸಿಪ್ಪೆಗಳನ್ನು ಒಟ್ಟುಮಾಡಿದ. ಒಳಗೆ ಕೇಳಿಸದಷ್ಟು ಮೆಲ್ಲಗೆ ಮಾತಾಡಿದ. ಅತ್ತೆಯ ಮೇಲಿನ ಅಕ್ಕರೆಯಲ್ಲಿ ಮಾತಾಡುವಂತೆಯೇ ಇತ್ತು ಆ ಧ್ವನಿ.

"ನಾನು ಊಟಕ್ಕೆ ಕೂತಿದ್ದೆ. ಅತ್ತೆ ಏನೋ ತುಕ್ಕು, ಏನೋ ಎಣ್ಣೆ ಅಂದ್ರು. ಗೇಟಿನ ತಿರುಗಣಿ ಅಂದ್ಕೊಂಡೆ. ಹೂಂ ಅಂದೆ. ಕೋರ್ಟಿನಲ್ಲಿ ನಾನು ಹೀಗೆ ಹೇಳಿದ್ರೆ ಅಲ್ಲ ಅನ್ನೋರು ಯಾರು?"

"ಪವನ್‌ಗೆ ಹೇಳಬೇಡ ಅಂದದ್ದು ಯಾಕೆ?"

"ನಾನು ಹಾಗಂದ್ನಾ? ಅತ್ತೆಗೆ ಈಗ ಏನೇನೋ ನೆನಪಾಗ್ತದೆ ಪಾಪ."

"ಗೋವಾದ ರೇಸಿನಲ್ಲಿ ಆ ಗಾಡಿ ನೀವು ಓಡಿಸೋದು ಅಂತ ಮಾತಾಗಿತ್ತು. ಅಪಘಾತದ ವಾರ ಪವನ್ ತಾನೇ ಓಡಿಸ್ತೇನೆ ಅಂದ."

"ಯಾರು ಹೇಳಿದ್ದು ನಿಮಗೆ?"

"ನೀವೇ. ಮೊದಲ ದಿನ. ನಗ್ತಾ ಹೇಳಿದ್ರಿ."

ಈ ಸಲ ಅವನು ನಗಲಿಲ್ಲ. ಓಣಿಯ ಕಡೆ, ಗೋಡೆಯ ಮೇಲಿನ ಕೆಂಪು ಗುರುತಿನ ಕಡೆ ನೋಡಿದ.

"ಅವನಿಗೆ ತಿರುವಿನಲ್ಲಿ ಗೇರು ಇಳಿಸೋದೂ ಬರ್ತಿರಲಿಲ್ಲ ಮೇಡಮ್. ಯಾವ ಸ್ಪ್ರಿಂಗು ಎಷ್ಟು ಗಟ್ಟಿ ಇರಬೇಕು, ಯಾವ ಫಿಲ್ಟರಿಗೆ ಯಾವ ಸೈಲೆನ್ಸರ್ ಹೊಂದ್ತದೆ, ಯಾವ ಪ್ಯಾಡು ಎಷ್ಟು ಕಾವು ತಡೀತದೆ, ಪುಣೆಯಲ್ಲಿ ಯಾರ ಹತ್ತಿರ ಸಿಗ್ತದೆ, ಮುಂಬಯಿಯಲ್ಲಿ ಯಾರು ತರಿಸಿಕೊಡ್ತಾರೆ... ನಿದ್ದೆಗೆಟ್ಟು ಹುಡುಕಿದ್ದು ನಾನು. ಭರತನಿಗೆ ಹೇಳಿ ಕೂಡಿಸಿದ್ದು ನಾನು. ಅವ ಮಾಡಿದ್ದು ಕಪ್ಪು ಕನ್ನಡಕ ಹಾಕಿಕೊಂಡು ಬೀಚಿನಲ್ಲಿ ಫೋಟೋ ತೆಗೆಸಿಕೊಂಡದ್ದು. ಆ ಗಾಡಿ ಅವನ ಹೆಸರಿನಲ್ಲಿತ್ತು, ಅಷ್ಟೇ."

ಅಷ್ಟು ಹೇಳಿ ಉಸಿರು ತೆಗೆದುಕೊಂಡ. ತಾನು ಹೆಚ್ಚು ಮಾತಾಡಿದೆನೆಂದು ಅವನಿಗೇ ಅನಿಸಿರಬೇಕು. ಸಿಪ್ಪೆಗಳನ್ನು ಮುಷ್ಟಿಯಲ್ಲಿ ಹಿಡಿದು ನೆಲಕ್ಕೆ ಒಂದು ಚೂರೂ ಬೀಳದಂತೆ ನೋಡಿಕೊಂಡ.

"ಭರತ ನಾಳೆ ಜೈಲಿಗೆ ಹೋಗ್ತಾನೆ," ಎಂದಳು ದಮಯಂತಿ.

"ನೀವು ಬಿಡಿಸಬಹುದಲ್ಲ."

ಅವಳು ಅವನನ್ನೇ ನೋಡಿದಳು.

"ಕಷ್ಟವೇನಿಲ್ಲ ಮೇಡಮ್. ಅಡುಗೆಮನೆಗೆ ಹೋಗಿ. ಅಕ್ಕೋರೆ, ನಿಮ್ಮ ಮಗ ಸತ್ತದ್ದು ನೀವು ಹಚ್ಚಿದ ಎಣ್ಣೆಯಿಂದ ಅಂತ ಹೇಳಿ. ಹೇಳಿಕೆ ಬರೆಸಿಕೊಳ್ಳಿ. ಆಮೇಲೆ ಕೋರ್ಟಿನಲ್ಲಿ ನಿಲ್ಲಿಸಿ. ಮಂಡಿನೋವು, ಕುರ್ಚಿ ಕೊಡೋದಕ್ಕೆ ಹೇಳಿ. ನನ್ನ ತನಕ ಬರಬೇಕಾದ್ರೆ ನೀವು ಅವರನ್ನು ದಾಟಿಯೇ ಬರಬೇಕು. ಬೇರೆ ಸಾಕ್ಷಿ ಇದ್ಯಾ ನಿಮ್ಮ ಹತ್ರ?"

ಇರಲಿಲ್ಲ. ಒಂದು ಫೋನು ಬಂದಿತ್ತು, ಅತ್ತೆ ಅಳಿಯ ಮಾತಾಡಿದ್ದರು. ಏನು ಮಾತಾಡಿದರೆಂದು ಹೇಳಬಲ್ಲವರು ಈಗ ಒಳಗೆ ಬೆಲ್ಲ ಕರಗಿಸುತ್ತಿದ್ದರು. ಚಮಚ ಪಾತ್ರೆಗೆ ತಾಗುವ ಸದ್ದು ಜಗುಲಿಗೆ ಕೇಳುತ್ತಿತ್ತು.

ಇವನನ್ನು ಹಿಡಿದು ಎಳೆದುಕೊಂಡು ಹೋಗಬೇಕೆನಿಸಿತು. ಎಳೆದುಕೊಂಡು ಹೋಗಿ ಏನೆಂದು ಬರೆಯುವುದು? ಅತ್ತೆ ಕೇಳಿದ್ದಕ್ಕೆ ಹೌದೆಂದ ಎಂದೇ? ಬೆನ್ನಿಗೆ ದಿಂಬು ಇಟ್ಟವನು, ಮಾತ್ರೆ ಕೊಟ್ಟವನು, ಕಿತ್ತಳೆಯ ನಾರು ತೆಗೆದವನು. ಆ ಒಂದೊಂದು ಉಪಚಾರವನ್ನೂ ಮೆಚ್ಚಿ ನೋಡಿದ್ದವಳು ತಾನೇ.

"ಅತ್ತೆಗೆ ನಾನು ಬೇಕು ಈಗ," ಎಂದ ಸಾತ್ವಿಕ. "ಯೋಚನೆ ಮಾಡಿ."

ಅಷ್ಟರಲ್ಲಿ ಅವಳ ಮೊಬೈಲು ರಿಂಗಾಯಿತು. ಠಾಣೆಯ ನಂಬರು.

"ಮೇಡಮ್, ಭರತ..." ಗೊರಗೊರ ಸದ್ದು. "...ಒಪ್ಕಂಡ ಮೇಡಮ್."

"ಏನು? ಕೇಳಿಸ್ತಿಲ್ಲ ಮಾದೇವಣ್ಣ." ದಮಯಂತಿ ಎದ್ದು ಕಂಬದ ಹತ್ತಿರ ಹೋದಳು. "ಜೋರಾಗಿ ಹೇಳಿ."

"ನೀವು ಹೊರಟ ಮ್ಯಾಲೆ ಒಂದೇ ಸಮ ಹಟ ಮೇಡಮ್. ಎಣ್ಣೆ ನಾನೇ ಹಚ್ಚಿದ್ದು, ಬೇಕೂ ಅಂತಲೇ ಹಚ್ಚಿದ್ದು, ಬರ್ಕಳಿ ಅಂತಾನೆ. ನಾಳೆ ಜಡ್ಜ್ ಸಾಹೇಬ್ರ ಮುಂದೂ ಇದ್ನೇ ಹೇಳ್ತೆ ಅಂತಾನೆ. ಕೋಡಿಬಾಗಕ್ಕೆ ಯಾರೂ ಹೋಗೂದು ಬ್ಯಾಡ ಅಂತಾನೆ. ಅದನ್ನ ಕೇಳಿ ದೀಪಾಲಿ ಬಾಗ್ಲಿಗೆ ತಲೆ ಹೊಡ್ಕಳ್ತಾ ಅದಾಳೆ, ಹಿಡಿಯೂಕಾಗೂದಿಲ್ಲ ನಂಗೆ. ದೊಡ್ಡ ಸಾಹೇಬ್ರು ಬಂದಾರೆ. ಕೇಸ್ ಮುಗೀತು ಅಂತ ಬರಿಯೂಕೆ ಕೂತಾರೆ. ನಾ ಏನ್ ಮಾಡ್ಲಿ?"

ಬಿಸಿನೀರಿನ ಋಣಕ್ಕೆ ಒಬ್ಬನು ತನ್ನ ಬದುಕನ್ನೇ ಕೊಡಲು ಹೊರಟಿದ್ದ.

"ಬೇಡ, ಬರೆಯೋದಕ್ಕೆ ಬಿಡಬೇಡಿ!" ಎಂದು ಕೂಗಿಯೇಬಿಟ್ಟಳು. "ಸಾಹೇಬರಿಗೆ ಹೇಳಿ, ನಾನು ಹೇಳಿದೆ ಅಂತ ಹೇಳಿ. ಸುಳ್ಳು ಹೇಳ್ತಿದ್ದಾನೆ ಅವನು. ಚಕ್ರಕ್ಕೆ ಎಣ್ಣೆ ಹಚ್ಚಿದ್ದು ಭರತ ಅಲ್ಲ. ಬ್ರೇಕು ಹೋದದ್ದು ಆ ಎಣ್ಣೆಯಿಂದಲೇ ಹೌದು, ಆದರೆ ಹಚ್ಚಿದವರು..."

ಅಲ್ಲಿಗೆ ನಿಂತಳು.

ಅಡುಗೆಮನೆಯ ಸದ್ದು ಯಾವಾಗಲೋ ನಿಂತಿತ್ತು.

ತಿರುಗಿದಳು. ನಡುಬಾಗಿಲಲ್ಲಿ ಭಾಗೀರಥಿ ನಿಂತಿದ್ದರು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಪಾನಕದ ಲೋಟಗಳು. ಜೀಪಿನ ಡ್ರೈವರಿಗೆಂದು ಒಂದು ಹೆಚ್ಚಿಗೆ ತಂದಿದ್ದರು.

"ಅತ್ತೆ, ಒಳಗೆ ನಡಿ," ಎಂದು ಸಾತ್ವಿಕ ಎದ್ದ. "ಪೋಲೀಸಿನವ್ರ ಮಾತು, ನಿಂಗೆ ಅರ್ಥ ಆಗ್ತಿಲ್ಲೆ. ತಟ್ಟೆ ಇಲ್ಲಿ ಕೊಡು."

ಭಾಗೀರಥಿ ತಟ್ಟೆ ಕೊಡಲಿಲ್ಲ. ದಮಯಂತಿಯ ಕಡೆ ಒಮ್ಮೆ ನೋಡಿದರು. ಅಲ್ಲಿ ಬೇಕಾದದ್ದು ಸಿಕ್ಕಿತೆಂಬಂತೆ ದೃಷ್ಟಿ ತೆಗೆದು, ಎದುರಿಗೆ ಕೈ ಚಾಚಿ ನಿಂತ ಹುಡುಗನ ಮುಖದ ಮೇಲೆ ನೆಟ್ಟರು. ನಾಲ್ಕನೇ ಇಯತ್ತೆಯ ಮಕ್ಕಳನ್ನು ಮೂವತ್ತು ವರ್ಷ ನೋಡಿದ ಕಣ್ಣು ಅದು.

"ಎಣ್ಣೆ ಹಚ್ಚಿದ್ದು ನಾನು," ಎಂದರು. "ನಿನ್ನ ಕೇಳೇ ಹಚ್ಚಿದ್ದು. ಹಚ್ಚಿರೆ ಎಂತ ಆಗ್ತು ಹೇಳಿ ನಿಂಗೆ ಆಗ್ಲೇ ಗೊತ್ತಿತ್ತಾ, ತಮಾ?"